ಡಿಸ್ಕಿನಲ್ಲಿ ಸಿಕ್ಕಿಬಿದ್ದ ಮೊಸಳೆಜ್ಜಿ

ಹೊಸ ಕಂಪ್ಯೂಟರಿನೊಳಗಿಂದ ಟಕ್, ಟಕ್ ಅಂತ ಸದ್ದು ಬಂದಾಗ ನಾನು ಮೊದಲು ಬೈದದ್ದು ಗೋಡೆಯ ಮೇಲಿನ ಹಲ್ಲಿಗೆ. ಪೋರೂರಿನ ನಮ್ಮ ಫ್ಲ್ಯಾಟಿನ ಆ ಸಣ್ಣ ಕೋಣೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ನನಗೆ ಪಿತ್ತ ನೆತ್ತಿಗೇರುತ್ತದೆ. ಅದು ನನ್ನ ರೆಕಾರ್ಡಿಂಗ್ ಕೋಣೆ. ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದು, ಕಿಟಕಿಗೆ ಒಂದು ಹಾಸಿಗೆ ಒರಗಿಸಿ, ನಡುವೆ ಮೈಕು ನಿಲ್ಲಿಸಿದ್ದೇನೆ. ತಮಿಳಿನ ಕಾರ್ಟೂನು, ಜಾಹೀರಾತುಗಳಿಗೆ ಕನ್ನಡದ ಮಾತು ಬರೆದು, ಕಲಾವಿದರಿಂದ ದನಿ ಕೊಡಿಸಿ, ಚಿತ್ರದ ತುಟಿಗೆ ಅದನ್ನು ಹೊಂದಿಸಿ ಕೊಡುವುದು ನನ್ನ ಕಸುಬು. ಕನ್ನಡ ಬರೆದು ಬದುಕಲು ಮೈಸೂರಿನವಳು ಚೆನ್ನೈಗೆ ಹೋಗಬೇಕಾಯಿತೇ ಎಂದು ತವರಿನವರು ಇವತ್ತಿಗೂ ನಗುತ್ತಾರೆ. ನಗಲಿ. ನನಗೆ ಕೆಲಸ ಸಿಕ್ಕಿದ್ದು ಇಲ್ಲಿ.

ಗೋಡೆಯ ಮೇಲೆ ಹಲ್ಲಿ ಇರಲಿಲ್ಲ. ಸದ್ದು ಬರುತ್ತಿದ್ದುದು ಮೇಜಿನ ಕೆಳಗಿನ ಕ್ಯಾಬಿನೆಟ್ಟಿನಿಂದ. ಆಷಾಢದ ರಿಯಾಯಿತಿ, ಇಲ್ಲಿಯವರ ಆಡಿ ಸೇಲಿನಲ್ಲಿ ತಂದ ಕಂಪ್ಯೂಟರು, ಅದರ ಮುಂಭಾಗದ ಪ್ಲಾಸ್ಟಿಕ್ ಹಾಳೆಯನ್ನೂ ನಾನಿನ್ನೂ ಕಿತ್ತಿರಲಿಲ್ಲ. ಆನ್ ಆಗುತ್ತಿತ್ತು, ಇಂಟರ್ನೆಟ್ ಬರುತ್ತಿತ್ತು, ಆದರೆ ರೆಕಾರ್ಡ್ ಮಾಡಿದ ದನಿಗಳನ್ನೆಲ್ಲ ತುಂಬಿಟ್ಟಿದ್ದ ದೊಡ್ಡ ಹಾರ್ಡ್ ಡಿಸ್ಕ್ ಮಾತ್ರ ಒಮ್ಮೆ ಕಾಣಿಸಿಕೊಂಡು ಇನ್ನೊಮ್ಮೆ ಮಾಯವಾಗುತ್ತಿತ್ತು. ‘ಮೊಸಳೆಜ್ಜಿ’ ಎಂಬ ಫೋಲ್ಡರನ್ನು ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಟಕ್, ಟಕ್. ಬೇರೆ ಏನು ಹೋದರೂ ಹೋಗಲಿ, ಮೊಸಳೆಜ್ಜಿ ಹೋಗುವಂತಿರಲಿಲ್ಲ. ಆ ದನಿಯನ್ನು ಮತ್ತೆ ರೆಕಾರ್ಡ್ ಮಾಡೋಣವೆಂದರೆ ಅದಕ್ಕೆ ಬೇಕಾದ ಹಲ್ಲುಗಳು ಆಗಲೇ ದಂತವೈದ್ಯರ ಕಸದ ಬುಟ್ಟಿ ಸೇರಿದ್ದವು.

ಸ್ವಲ್ಪ ಹಿಂದಿನಿಂದ ಹೇಳಿದರೆ ಅರ್ಥವಾಗುತ್ತದೆ.

ಒಂದು ಹೊಳೆ, ಅದರಲ್ಲಿ ಬದುಕುವ ಪ್ರಾಣಿಗಳು, ಇದು ಮಕ್ಕಳ ಕಾರ್ಟೂನು. ಅದರಲ್ಲೊಬ್ಬಳು ಮುದಿ ಮೊಸಳೆ. ಕಂತು ಕಂತಿಗೂ ತನ್ನ ಹಲ್ಲಿನ ಬಗ್ಗೆ ಜಂಬ ಕೊಚ್ಚುತ್ತಾಳೆ, ಎಲ್ಲರನ್ನೂ ಬೈಯುತ್ತಾಳೆ, ಯಾರನ್ನೂ ಕಚ್ಚುವುದಿಲ್ಲ. ಅವಳಿಗೆ ದನಿ ಕೊಡಲು ನಾನು ಕರೆಸಿದ್ದ ಕಲಾವಿದೆ ಒಳ್ಳೆಯವರೇ, ಆದರೆ ಅವರ ಬಾಯಲ್ಲಿ ಮೊಸಳೆ ವಾರ್ತೆ ಓದುತ್ತಿತ್ತು. ಚಿತ್ರದ ನಿರ್ದೇಶಕಿ ತಮಿಳಿನವರು, ಕನ್ನಡ ಒಂದಕ್ಷರ ಬಾರದು, ಕಿವಿ ಮಾತ್ರ ಬಲು ಚುರುಕು. ಒಂದು ದಿನ ನಾನು ಅವರೊಂದಿಗೆ ವಿಡಿಯೋ ಕಾಲಿನಲ್ಲಿ ಇದನ್ನೇ ಚರ್ಚಿಸುತ್ತಿದ್ದೆ. ಕೋಣೆಯ ಬಾಗಿಲು ತೆರೆದಿತ್ತು. ಬಾಲ್ಕನಿಯಲ್ಲಿ ನಮ್ಮತ್ತೆ ಒಣಗಲು ಹಾಕಿದ್ದ ಸಂಡಿಗೆಗೆ ಕಾಗೆ ಬಾಯಿ ಹಾಕಿತು.

“ಏಯ್, ನಿನ್ ಮನೆ ಹಾಳಾಗ! ನಿಂಗೇನಲೇ ನಾನು ಇಕ್ಕಿದ್ದು? ಬಾ, ಇನ್ನೊಂದ್ ಕಿತ ಬಾ, ನಿನ್ ಪುಕ್ಕ ತರೀತೀನಿ!”

ನಿರ್ದೇಶಕಿ ಮಾತು ನಿಲ್ಲಿಸಿದರು. “ಇರುಂಗ, ಇರುಂಗ. ಅದು ಯಾರು?”

ನಾನು ನಾಚಿಕೆಯಿಂದ, ನಮ್ಮತ್ತೆ, ಕಾಗೆ ಓಡಿಸುತ್ತಿದ್ದಾರೆ ಎಂದೆ.

“ಅವಂಗ ದಾನ್ ಎನ್ ಮೊದಲೈ ಪಾಟ್ಟಿ!” ಅವರೇ ನನ್ನ ಮೊಸಳೆಜ್ಜಿ ಎಂದು ಆಯಮ್ಮ ಕುರ್ಚಿಯಿಂದ ಎದ್ದೇಬಿಟ್ಟರು.

ನಮ್ಮತ್ತೆ ತಿಪಟೂರಿನ ಕಡೆಯವರು. ಮಾವನವರು ಅಲ್ಲಿಂದ ಕೊಬ್ಬರಿ ತರಿಸಿ ಚೆನ್ನೈಯಲ್ಲಿ ಮಾರುತ್ತಿದ್ದರು, ಮದುವೆಯಾದ ಹೊಸತರಲ್ಲೇ ಅತ್ತೆ ಇಲ್ಲಿಗೆ ಬಂದದ್ದು. ಮಾವ ಈಗಿಲ್ಲ. ಇಷ್ಟು ಕಾಲವಾದರೂ ಅತ್ತೆಯ ನಾಲಗೆ ತಿಪಟೂರು ಬಿಟ್ಟು ಕದಲಿಲ್ಲ. ತರಕಾರಿಯವನ ಹತ್ತಿರ ತಮಿಳು ಆಡುತ್ತಾರೆ, ಅದೂ ತಿಪಟೂರಿನ ರಾಗದಲ್ಲೇ. ನಮ್ಮ ಅಪಾರ್ಟ್‌ಮೆಂಟಿನ ಕನ್ನಡದವರು ಸೇರಿದಾಗ ಬೆಂಗಳೂರು ಮೈಸೂರಿನ ಹೆಂಗಸರು ಇವರ ಮಾತು ಕೇಳಿ ಬಾಯಿಗೆ ಸೆರಗು ಹಿಡಿಯುತ್ತಾರೆ. ನನ್ನ ಮಗಳಂತೂ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವವಳು. ಅಂಥವರಿಗೆ, ನಿಮ್ಮ ಮಾತೇ ಬೇಕು, ನೀವು ಆಡುವ ಹಾಗೆಯೇ ಬೇಕು ಎಂದು ಯಾರೋ ಕೇಳಿಕೊಂಡಿದ್ದು ಅದೇ ಮೊದಲು.

ಮೊದಲು ಬ್ಯಾಡ ಅಂದರು. ಆಮೇಲೆ ಏನಂತ ಹೇಳಬೇಕು ಎಂದು ಕೇಳಿದರು. ಮೂರನೆಯ ದಿನ ನಾನು ಬರೆದ ಮಾತಿಗೇ ಕೈ ಹಾಕಿದರು.

“ಇದೇನವ್ವಾ, ‘ದಯವಿಟ್ಟು ದಾರಿ ಬಿಡಿ’ ಅಂತ ಬರ್ದಿದೀಯ? ಮೊಸಳೆ ದಯವಿಟ್ಟು ಅಂತೈತಾ?”

“ಮತ್ತೆ ಏನನ್ನುತ್ತೆ ಅತ್ತೆ?”

“ಸರ್ಕಳ್ರೋ ಅಂತೈತೆ. ಆಟೇಯ.”

ಸರಿ, ‘ಸರ್ಕಳ್ರೋ’ ಎಂದೇ ಆಯಿತು. ನಿರ್ದೇಶಕಿಗೆ ಅರ್ಥವಾಗದಿದ್ದರೂ ಬಿದ್ದು ಬಿದ್ದು ನಕ್ಕರು. ಅತ್ತೆಗೆ ಸುರುವಾಯಿತು ನೋಡಿ ಹುಚ್ಚು. ಬೆಳಗ್ಗೆ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಮೈಕಿನ ಮುಂದೆ ಕೂತರೆಂದರೆ ಊಟದ ನೆನಪೂ ಇಲ್ಲ. ಊರಿನ ನೆಂಟರಿಗೆಲ್ಲ ಫೋನು ಹೋಯಿತು: “ನಾನು ಟೀವಿಯಾಗೆ ಮೊಸಳೆ ಆಗಿದೀನಿ ಕಣ್ರೇ!” ಹಾಗೆ ಕುಣಿಯುತ್ತಿದ್ದವರಿಗೆ ಬಾಯಲ್ಲಿ ಉಳಿದಿದ್ದ ಹಲ್ಲುಗಳೆಲ್ಲ ಅಲ್ಲಾಡುತ್ತಿದ್ದವು, ಒಸಡು ಕೀವು ಕಟ್ಟಿತ್ತು. ಎಲ್ಲವನ್ನೂ ತೆಗೆಯಲೇಬೇಕು ಎಂದು ದಂತವೈದ್ಯರು ಹೇಳಿ ಕೂತಿದ್ದರು. ಅತ್ತೆ ಕೇಳಲಿಲ್ಲ. ಹಲ್ಲಿಲ್ಲದ ಮೊಸಳೆ ಯಾರಿಗೆ ಬೇಕು ಅಂದರು. ಲವಂಗ ಒತ್ತಿಕೊಂಡು, ಮಾತ್ರೆ ನುಂಗಿಕೊಂಡು, ಕೊನೆಯ ಕಂತಿನ ಕೊನೆಯ ಮಾತನ್ನು ಹೇಳಿ ಮುಗಿಸಿಯೇ ಡಾಕ್ಟರಿಗೆ ದಿನ ಗೊತ್ತು ಮಾಡಿಸಿದರು. ನನಗೆ ಆ ಹಠ ಕಂಡು ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಡಾಕ್ಟರ ಹತ್ತಿರ ಹೋಗುವುದಕ್ಕೆ ಮುಂಚೆ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಸ್ಕೂಟರಿನಿಂದ ಹಿಡಿದು ಈಳಿಗೆ ಮಣೆಯವರೆಗೆ ಎಲ್ಲಕ್ಕೂ ಪೂಜೆ. ಈ ಸಲ ಮುಖ್ಯ ದೇವರು ಕಂಪ್ಯೂಟರು, ಮೊಸಳೆಜ್ಜಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ ಅಲ್ಲವೇ! ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅತ್ತೆ ಮೇಜಿನ ಕೆಳಗಿನಿಂದ ಅದನ್ನು ಈಚೆಗೆ ಎಳೆದಿದ್ದರು. ವಿಭೂತಿಯ ಮೂರು ಗೆರೆ ಎಳೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಮಣೆಯ ಮೇಲೆ ಕೂರಿಸಿದ್ದರು. ವೈರುಗಳೆಲ್ಲ ಹಾಗೇ ಇದ್ದವು. ಕಂಪ್ಯೂಟರ್ ಓಡುತ್ತಲೇ ಇತ್ತು, ಯಾಕೆಂದರೆ ನಾನು ಒಂದು ಕಂತಿನ ದನಿಗಳನ್ನು ಒಟ್ಟುಗೂಡಿಸುವ ಕೆಲಸ ಕೊಟ್ಟು ಹೋಗಿದ್ದೆ.

“ಅತ್ತೆ, ಮುಟ್ಟಬೇಡಿ, ಒಳಗೆ ಕೆಲಸ ನಡೀತಿದೆ!”

“ಪೂಜೆ ದಿನ ಅದರ ಕೈಲಿ ಕೆಲ್ಸ ಮಾಡಿಸ್ತಾರೇನವ್ವಾ? ಒಸಿ ತಡಿ, ಮುಖ ಪಶ್ಚಿಮಕ್ಕಾಗೈತೆ.”

ಪೂರ್ವಕ್ಕೆ ಮುಖ ಮಾಡಲೆಂದು ಅವರು ಕ್ಯಾಬಿನೆಟ್ಟನ್ನು ತಬ್ಬಿ ತಿರುಗಿಸಿದರು. ವೈರು ಜಗ್ಗಿತು. ಮಣೆಯ ಅಂಚಿನಿಂದ ಅದು ಜಾರಿ ಎಡಮಗ್ಗುಲಿಗೆ ಧಡ್ ಎಂದು ಮಲಗಿಬಿಟ್ಟಿತು. ನಾವೆಲ್ಲ ಗಾಬರಿಯಾಗಿ ಎತ್ತಿ ಕೂರಿಸಿದೆವು. ದೀಪ ಉರಿಯುತ್ತಿತ್ತು, ಪರದೆಯೂ ಸರಿಯಾಗಿತ್ತು. “ದೇವರೇ ನಮಗೆ ಅಡ್ಡಬಿದ್ದ” ಎಂದು ನನ್ನ ಗಂಡ ನಕ್ಕರು, ನಾವೂ ನಕ್ಕೆವು, ಮಂಗಳಾರತಿ ಮಾಡಿ ಕಡಲೆಪುರಿ ಹಂಚಿದೆವು. ಮಾರನೆಯ ವಾರ ಅತ್ತೆಯ ಹಲ್ಲು ತೆಗೆಸಿಕೊಂಡು ಬಂದೆವು. ಬಾವು ಇಳಿಯುತ್ತ ಬಂತು, ಹಲ್ಲಿನ ಸೆಟ್ಟು ಕಟ್ಟಿಸಲು ಒಸಡು ಇನ್ನೂ ಮಾಗಬೇಕಿತ್ತು. ಅಷ್ಟರಲ್ಲಿ ಈ ಟಕ್ ಟಕ್.

ನಿರ್ದೇಶಕಿಗೆ ಎಲ್ಲ ಕಂತುಗಳನ್ನೂ ಸೋಮವಾರ ಒಟ್ಟಿಗೆ ಕೊಡುವುದೆಂದು ಮಾತಾಗಿತ್ತು. ಇವತ್ತು ಗುರುವಾರ. ಇನ್ನೊಂದು ಪ್ರತಿ ಎಲ್ಲಾದರೂ ಇಟ್ಟಿದ್ದೆನೇ? ಹೊಸ ಕಂಪ್ಯೂಟರ್ ಸ್ವಾಮಿ, ಇದಕ್ಕೇನಾಗುತ್ತೆ ಅಂದುಕೊಂಡಿದ್ದೆ. ಇನ್ನುಳಿದ ಪ್ರಾಣಿಗಳ ಚಿಂತೆ ನನಗಿರಲಿಲ್ಲ, ಆಮೆ, ನೀರುನಾಯಿ, ಕಪ್ಪೆಗಳ ಕಲಾವಿದರೆಲ್ಲ ಇದೇ ಊರಿನವರು, ಫೋನು ಮಾಡಿದರೆ ಬರುತ್ತಾರೆ. ಮೊಸಳೆಜ್ಜಿಯನ್ನು ಎಲ್ಲಿಂದ ತರಲಿ? ಅವಳ ದನಿ ಸಿಗದಿದ್ದರೆ ಬೇರೆಯವರಿಂದ ಹೇಳಿಸಬೇಕು. ಅಂದರೆ ಅತ್ತೆ ಟೀವಿಯಲ್ಲಿ ಮೊಸಳೆಯಾಗುವುದಿಲ್ಲ.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಎತ್ತಿದ ಹುಡುಗಿಯದು ಜೇನಿನಂಥ ಮಾತು. ಡಿಸ್ಕ್ ವಾರಂಟಿಯಲ್ಲಿದೆ ಮೇಡಂ, ಎರಡು ದಿನದಲ್ಲಿ ಹೊಸದು ಹಾಕಿಕೊಡುತ್ತೇವೆ ಮೇಡಂ ಎಂದಳು. ನನಗೆ ಸಂತೋಷವೋ ಸಂತೋಷ. ಮತ್ತೆ ಒಳಗಿರುವ ದನಿಗಳ ಗತಿ ಎಂದು ಕೇಳಿದೆ. ಒಳಗಿರುವುದಕ್ಕೆ ನಾವು ಜವಾಬ್ದಾರರಲ್ಲ, ಹಳೆಯ ಡಿಸ್ಕನ್ನು ನಮಗೇ ಕೊಡಬೇಕು ಎಂದಳು. ಯಂತ್ರ ಓಡುತ್ತಿದ್ದಾಗ ಎಲ್ಲಾದರೂ ಬಿತ್ತೇ ಮೇಡಂ ಎಂದೂ ಕೇಳಿದಳು. ನಾನು ಅತ್ತೆಯ ಕಡೆ ನೋಡಿದೆ. ಅವರು ಇಲ್ಲ ಅನ್ನು, ಇಲ್ಲ ಅನ್ನು ಎಂದು ಜೋರಾಗಿ ಕೈಯಾಡಿಸುತ್ತಿದ್ದರು.

“ಪೂಜೆಗೆ ಕೂರಿಸಿದ್ವಿ” ಎಂದೆ.

“ಓ, ಆಯುಧಪೂಜೆ” ಎಂದಳು ಅವಳು, ದಿನಾ ಕೇಳಿ ಅಭ್ಯಾಸವಾದವಳ ಹಾಗೆ.

ಫೋನಿಟ್ಟು ನಾನು ಮನೆ ಹಾರಿಹೋಗುವಂತೆ ಕೂಗಾಡಿದೆ. ಡಬ್ಬಿ ಅವರದು, ತಿಂಡಿ ನಮ್ಮದು, ಡಬ್ಬಿ ಬದಲಾಯಿಸಿ ಕೊಡ್ತಾರಂತೆ, ತಿಂಡಿ ಚೆಲ್ಲಿ! ಅತ್ತೆ ಬೇರೆ, ಪೂಜೆಯ ದಿನ ದುಡಿಸಿದ್ದಕ್ಕೇ ಅದಕ್ಕೆ ಹೀಗಾದದ್ದು ಎಂದು ನನ್ನ ಮೇಲೇ ತಿರುಗಿಸಿದರು. “ನೀವು ಪೂರ್ವಕ್ಕೆ ತಿರುಗಿಸದಿದ್ದರೆ ಏನೂ ಆಗ್ತಿರಲಿಲ್ಲ!” ಎಂದು ನಾನೂ ಬಿಡಲಿಲ್ಲ. ಅವರ ಮುಖ ಸಪ್ಪಗಾಯಿತು. ಎದ್ದು ಹೋಗಿ ಡೈನಿಂಗ್ ಟೇಬಲ್ ಹತ್ತಿರ ಕೂತರು.

ನನ್ನ ಗಂಡ ಹುಟ್ಟಿ ಬೆಳೆದದ್ದೆಲ್ಲ ಚೆನ್ನೈಯಲ್ಲಿ, ತಾಳ್ಮೆ ಜಾಸ್ತಿ. ಕೆಟ್ಟ ಡಿಸ್ಕಿನಿಂದ ದತ್ತಾಂಶ ತೆಗೆದುಕೊಡುವ ಅಂಗಡಿಗಳಿಗೆ ಅವರೇ ಫೋನು ಮಾಡಿ ವಿಚಾರಿಸಿದರು. ಎಲ್ಲರದೂ ಒಂದೇ ಮಾತು, ವಾರಗಟ್ಟಲೆ ಹಿಡಿಯುತ್ತದೆ, ಸಿಗುವ ಭರವಸೆಯಿಲ್ಲ. ಸೋಮವಾರದ ಒಳಗೆ ಆಗುವ ಮಾತೇ ಅಲ್ಲ. ಅಷ್ಟರಲ್ಲಿ ನಾನು ಒಂದು ವಿಷಯ ಗಮನಿಸಿದ್ದೆ. ಕಂಪ್ಯೂಟರನ್ನು ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಡಿಸ್ಕ್ ಕೊಂಚ ಹೊತ್ತು ನೆಟ್ಟಗಿರುತ್ತಿತ್ತು, ಬಿಸಿಯಾದ ಮೇಲೆ ಬಡಿದುಕೊಳ್ಳಲು ಶುರು ಮಾಡುತ್ತಿತ್ತು. ತಣ್ಣಗಿಟ್ಟರೆ ಕಾಪಿ ಮಾಡಿಕೊಳ್ಳಬಹುದಲ್ಲ! ತಣ್ಣಗಿಡಬೇಕಾದರೆ ಕ್ಯಾಬಿನೆಟ್ ಬಿಚ್ಚಬೇಕು. ಬಿಚ್ಚುವ ಜಾಗದಲ್ಲಿ ಕಂಪನಿಯ ಬಿಳಿ ಸೀಲು ಅಂಟಿಸಿತ್ತು. ಹರಿದರೆ ವಾರಂಟಿ ಇಲ್ಲ ಎಂದು ಅದರ ಮೇಲೆಯೇ ಬರೆದಿತ್ತು.

“ಏಯ್, ಸೀಲ್ ಮುಟ್ಟಬೇಡ, ವಾರಂಟಿ ಪೋಚ್ಚು!” ಎಂದು ಇವರು ನನ್ನ ಕೈ ಹಿಡಿದರು. “ಒಂದು ವಾಯ್ಸ್‌ಗೋಸ್ಕರ ಹೊಸ ಕಂಪ್ಯೂಟರ್ ಕೈಬಿಡ್ತೀಯಾ? ಬೇರೆ ಯಾರ ಹತ್ತಿರಾನಾದ್ರೂ ಮಾಡಿಸು.”

ಡೈನಿಂಗ್ ಟೇಬಲ್ ಹತ್ತಿರದಿಂದ ಅತ್ತೆ ಒಂದು ಮಾತೂ ಆಡಲಿಲ್ಲ. ಕಾಗೆಗೂ ಉತ್ತರ ಕೊಡದೆ ಬಿಡದ ಹೆಂಗಸು. ಕೆನ್ನೆ ಒಳಸರಿದು, ಬಾಯಿ ಮಡಚಿಕೊಂಡು, ಸುಮ್ಮನೆ ಕೈ ನೋಡಿಕೊಂಡು ಕೂತಿದ್ದರು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಈ ಊರಿನಲ್ಲಿ ಯಾರಿಗೂ ಬೇಡವಾಗಿದ್ದ ಮಾತು, ಒಬ್ಬರಿಗೆ ಬೇಕಾಗಿ ಇನ್ನೂ ಎರಡು ತಿಂಗಳಾಗಿಲ್ಲ.

“ವಾರಂಟಿ ಹಾಳಾಗ್ಲಿ ರೀ!” ಎಂದು ಉಗುರು ಹಾಕಿ ಎಳೆದೆ. ಸೀಲು ಪರ್ ಎಂದು ಹರಿಯಿತು. ಇವರು ಕಣ್ಣು ಮುಚ್ಚಿಕೊಂಡರು. ಅತ್ತೆ ದಡಬಡ ಎದ್ದು ಬಂದರು. “ಸ್ಕ್ರೂ ಬಿಚ್ಚಕ್ಕೆ ಚಾಕು ತರ್ಲೇನವ್ವಾ?”

ಆಮೇಲಿನದು ಯುದ್ಧ. ಕ್ಯಾಬಿನೆಟ್ಟಿನ ಮಗ್ಗುಲು ತೆರೆದು, ಎ.ಸಿ. ಹಾಕಿ, ಟೇಬಲ್ ಫ್ಯಾನನ್ನು ನೇರವಾಗಿ ಡಿಸ್ಕಿಗೇ ಹಿಡಿದೆವು. ಇವರ ಪೆನ್ ಡ್ರೈವ್ ಚುಚ್ಚಿ ಮೊದಲ ಕಂತಿನ ಮೊಸಳೆಜ್ಜಿಯನ್ನು ಎಳೆದೆ. ಹಸಿರು ಗೆರೆ ಒಂದಿಷ್ಟು ದೂರ ಹೋಯಿತು, ನಿಂತಿತು. ಟಕ್. ಆರಿಸಿದೆವು, ಕಾದೆವು, ಮತ್ತೆ ಹಾಕಿದೆವು. ಮತ್ತೆ ಅಷ್ಟೇ ದೂರ. ಟಕ್, ಟಕ್. ಬೆಳಗಿನ ತಿಂಡಿ ಆರಿ ಹೋಯಿತು, ಮಧ್ಯಾಹ್ನವಾಯಿತು. ಇವರು ಆಫೀಸಿಗೆ ಹೊಟ್ಟೆನೋವು ಎಂದು ತಿಳಿಸಿದರು. ಒಂದು ಕಂತೂ ಪೂರ್ತಿ ಬರಲಿಲ್ಲ. ನಾನು ಡಿಸ್ಕಿಗೆ ಬೈದೆ, ಕಂಪನಿಗೆ ಬೈದೆ, ಕೊನೆಗೆ ಪಾಪದ ಫ್ಯಾನಿಗೂ ಬೈದೆ.

ಅತ್ತೆ ನೆಲದ ಮೇಲೆ ಕೂತು ಡಿಸ್ಕನ್ನೇ ದಿಟ್ಟಿಸುತ್ತಿದ್ದರು. ಒಸಡಿನ ನಡುವಿಂದ ಮಾತು ಮೆತ್ತಗೆ, ಗಾಳಿ ತುಂಬಿ ಬರುತ್ತಿತ್ತು.

“ಅಲ್ಲವ್ವಾ, ಅವತ್ತು ಎಡಕ್ಕಲ್ವಾ ಬಿದ್ದಿದ್ದು? ಆ ಮಗ್ಗುಲು ನೋವಾಗೈತೆ ಅದಕ್ಕೆ. ಬಲಕ್ಕೆ ಮಲಗ್ಸಿ ನೋಡು.”

“ಅತ್ತೆ, ಅದೇನು ಸೊಂಟ ಉಳುಕಿರೋ ಹೆಂಗಸಾ?”

“ನೀನು ಮಾಡಿದ್ದೆಲ್ಲ ಆತಲ್ಲ. ಇದೂ ಒಂದಾಗ್ಲಿ.”

ಸೋತ ಸಿಟ್ಟಿನಲ್ಲಿ ಆರಿಸಿ, ಕ್ಯಾಬಿನೆಟ್ಟನ್ನು ಬಲಮಗ್ಗುಲಿಗೆ ಮಲಗಿಸಿದೆ. ಡಿಸ್ಕ್ ಈಗ ಬೋರಲಾಯಿತು. ಸ್ವಿಚ್ ಹಾಕಿದೆ. ಝುಮ್ ಎಂದು ಸಣ್ಣಗೆ ತಿರುಗುವ ಸದ್ದು. ಟಕ್ ಇಲ್ಲ! ಫೋಲ್ಡರ್ ಒತ್ತಿದೆ, ತೆರೆಯಿತು! ಹಸಿರು ಗೆರೆ ಓಡಿತು, ಹಿಂದೆ ನಿಂತಿದ್ದ ಜಾಗ ದಾಟಿತು, ಇನ್ನೂ ಮುಂದೆ ಹೋಯಿತು, ಮುಗಿಯಿತು! “ಬಂತು, ಬಂತು, ಒಂದು ಬಂತು!” ಎಂದು ನಾನು ಕೂಗಿದ್ದಕ್ಕೆ ಮೇಲಿನ ಮನೆಯವರು ಬಾಲ್ಕನಿಯಿಂದ ಎನ್ನಾಚ್ಚು, ಏನಾಯಿತು ಎಂದು ಕೇಳಿದರು. ಯಾಕೆ ಹಾಗಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಳಗಿನ ಯಾವುದೋ ಮುಳ್ಳು ಉಜ್ಜುತ್ತಿದ್ದದ್ದು ಬಿಟ್ಟುಕೊಂಡಿರಬೇಕು ಎಂದು ಆಮೇಲೆ ಯಾರೋ ಹೇಳಿದರು. ಇರಬಹುದು.

ಯಾರೂ ಅಲುಗಾಡುವಂತಿಲ್ಲ ಎಂದು ನಾನು ಅಪ್ಪಣೆ ಮಾಡಿದೆ. ಇವರು ಫ್ಯಾನು ಹಿಡಿದು ಕೂತರು. ಅತ್ತೆ ಕೋಣೆಯ ಬಾಗಿಲಲ್ಲಿ ಕಾವಲು ಕೂತು, ನೀರಿನ ಕ್ಯಾನ್ ತಂದವನನ್ನು ಮೆಲ್ಲಗೆ ನಡಿ ಎಂದು ಗದರಿದರು. ಎರಡನೆಯದು ಬಂತು. ಮೂರನೆಯದು ಬಂತು. ಪ್ರತಿ ಸಲವೂ ಬಂತಾ ಎಂದು ಅತ್ತೆ ಕೇಳುವುದು, ಬಂತು ಎಂದು ನಾನು ಅನ್ನುವುದು. ಬಂದದ್ದನ್ನು ನಂಬದೆ ಪ್ರತಿಯೊಂದನ್ನೂ ಸ್ವಲ್ಪ ಹಾಕಿ ಕೇಳುತ್ತಿದ್ದೆ. “ನನ್ ಹಲ್ಲು ನೋಡಿದ್ಯೇನ್ರಲಾ? ಎಣಿಸಕ್ಕೆ ಬಂದವ್ರು ತಿರುಗಿ ಹೋಗಿಲ್ಲ!” ಎಂದು ಮೊಸಳೆಜ್ಜಿ ಸ್ಪೀಕರಿನಲ್ಲಿ ಅಬ್ಬರಿಸಿದರೆ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಇಂಥ ಸಂಭ್ರಮ ನಮ್ಮ ಮನೆಯಲ್ಲಿ ಮದುವೆ ಮುಂಜಿಗೂ ಆಗಿರಲಿಲ್ಲ.

ಉಳಿದದ್ದು ಕೊನೆಯ ಕಂತು. ಹಸಿರು ಗೆರೆ ಅರ್ಧ ದಾಟಿತ್ತು. ಒಳಗಿಂದ ಕರ್ ಎಂದು ತೆಂಗಿನಕಾಯಿ ತುರಿದ ಹಾಗೆ ಸದ್ದಾಯಿತು. ಆಮೇಲೆ ಸದ್ದೇ ಇಲ್ಲ. ಎಡಕ್ಕೆ ಮಲಗಿಸಿದೆವು, ಬಲಕ್ಕೆ ಮಲಗಿಸಿದೆವು, ತಣ್ಣಗೆ ಮಾಡಿ ಕಾದೆವು. ಡಿಸ್ಕ್ ಸತ್ತಿತ್ತು.

ನಾನು ಅತ್ತೇಬಿಟ್ಟೆ. ಹತ್ತಿರ ಹತ್ತಿರ ಎಲ್ಲವೂ ಸಿಕ್ಕಿತ್ತಲ್ಲ ಎಂದು ಇವರು ಸಮಾಧಾನ ಮಾಡಿದರು. ಆದರೆ ನನ್ನ ಕಸುಬು ನನಗೆ ಗೊತ್ತು. ಒಂದು ಪಾತ್ರಕ್ಕೆ ಒಂದೇ ದನಿ ಇರಬೇಕು. ಕೊನೆಯ ಕಂತಿಗೆ ಬೇರೆಯವರು ಬಂದರೆ ಎಲ್ಲ ಕಂತಿಗೂ ಅವರೇ ಬರಬೇಕು. ನಿರ್ದೇಶಕಿಗೆ ಫೋನು ಮಾಡಿ ನಡೆದದ್ದು ಹೇಳಿದಾಗ ಅವರೂ ಬೇಸರದಿಂದ ಅದನ್ನೇ ಹೇಳಿದರು. ಪಾಟ್ಟಿಯಮ್ಮ ಹಲ್ಲಿಲ್ಲದೆ ಅದೇ ದನಿ ತರಲಾರರು, ನಾಳೆ ಸಂಜೆಯ ಒಳಗೆ ಬೇರೆ ಆರ್ಟಿಸ್ಟ್ ನೋಡಿ, ಎಲ್ಲ ಕಂತನ್ನೂ ಅವರಿಂದಲೇ ಹೇಳಿಸೋಣ ಎಂದರು.

ಫೋನು ಸ್ಪೀಕರಿನಲ್ಲಿತ್ತು. ತಮಿಳು ಅತ್ತೆಗೆ ಚೆನ್ನಾಗಿ ಅರ್ಥವಾಗುತ್ತದೆ. ಎದ್ದು ಹೋಗಿ ರಾಗಿ ಗಂಜಿ ಕಾಯಿಸಿದರು, ನನಗೂ ಒಂದು ಲೋಟ ತಂದಿಟ್ಟರು. “ಕುಡಿ ಮಗಾ, ಬೆಳಗ್ಗಿಂದ ಏನೂ ತಿಂದಿಲ್ಲ ನೀನು” ಎಂದರು. ಮೊಸಳೆಯ ಮಾತೇ ಎತ್ತಲಿಲ್ಲ.

ಮಾರನೆಯ ಬೆಳಗ್ಗೆ ಬೇರೆ ಕಲಾವಿದೆಗೆ ಹೇಳಲು ಅನುಕೂಲವಾಗಲಿ ಎಂದು ಇವರ ಲ್ಯಾಪ್‌ಟಾಪಿನಲ್ಲಿ ಕೊನೆಯ ಕಂತಿನ ಚಿತ್ರ ಹಾಕಿಕೊಂಡು ಕೂತೆ. ಚಿತ್ರ ನಿರ್ದೇಶಕಿಯ ಬಳಿಯೂ ಇತ್ತು, ಅದಕ್ಕೇನೂ ಆಗಿರಲಿಲ್ಲ. ಹೊಳೆ ಉಕ್ಕಿದೆ. ದಡದಲ್ಲಿ ಆಗತಾನೇ ಮೊಟ್ಟೆಯೊಡೆದ ಮೊಸಳೆ ಮರಿಗಳು. ಅಜ್ಜಿ ಮೊಸಳೆ ಅವನ್ನು ಬಾಯೊಳಗೆ ಇಟ್ಟುಕೊಂಡು ಆಚೆ ದಡಕ್ಕೆ ಈಜುತ್ತಾಳೆ. ಮೊಸಳೆಗಳು ನಿಜವಾಗಿಯೂ ಮರಿಗಳನ್ನು ಹಾಗೇ ಸಾಗಿಸುವುದಂತೆ. ಅವಳ ಮಾತುಗಳೆಲ್ಲ ಬಾಯ್ತುಂಬ ಮರಿಗಳಿರುವಾಗಲೇ ಬರುತ್ತವೆ. ತಮಿಳಿನಲ್ಲಿ ದನಿ ಕೊಟ್ಟವರು ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿ ಮಾತಾಡಿದ್ದಾರೆ. ಮೊದಲ ಸಲ ಅತ್ತೆಯೂ ಹಾಗೆಯೇ ಹೇಳಿದ್ದರು, ನನಗೂ ಏನೂ ಅನ್ನಿಸಿರಲಿಲ್ಲ.

ಬಾಯ್ತುಂಬ ಮರಿ ಇಟ್ಟುಕೊಂಡವಳು ಹಾಗೆ ಹೇಗೆ ಮಾತಾಡುತ್ತಾಳೆ?

ನಾನು ಎದ್ದ ರಭಸಕ್ಕೆ ಕುರ್ಚಿ ಬಿತ್ತು. “ಅತ್ತೇ! ಕೈಯಲ್ಲಿರೋದು ಬಿಟ್ಟು ಬನ್ನಿ! ಓಡಿ ಬನ್ನಿ!”

“ಏನಾತವ್ವಾ, ಯಾರಿಗೇನಾತು?” ಎಂದು ಅವರು ಸೌಟು ಹಿಡಿದೇ ಬಂದರು. ಎಳೆದು ಮೈಕಿನ ಮುಂದೆ ಕೂರಿಸಿದೆ. ಹಲ್ಲಿಲ್ಲ, ನನ್ನ ಕೈಲಾಗಲ್ಲ, ನಗೆಪಾಟಲು ಮಾಡಬ್ಯಾಡ ಎಂದರು. ಹಲ್ಲು ಬೇಡ ಅತ್ತೆ, ಬಾಯಲ್ಲಿ ಮರಿಗಳಿವೆ, ಜೋಪಾನ, ಒಂದೂ ಬೀಳಬಾರದು, ಅಷ್ಟೇ ಎಂದೆ. ಅವರು ಪರದೆ ನೋಡಿದರು. ಇನ್ನೊಂದು ಸಲ ನೋಡಿದರು. ಹೆಡ್‌ಫೋನು ಹಾಕಿಕೊಂಡರು.

“ಎದರ್ಬ್ಯಾಡ್ರಪ್ಪಾ... ಅಲ್ಲಾಡ್ಬ್ಯಾಡ್ರಿ... ನನ್ ಬಾಯಾಗೆ ಯಾರೂ ನಿಮ್ನ ಮುಟ್ಟಕ್ಕಾಗಲ್ಲ. ಇನ್ನೊಸಿ ದೂರ, ಇನ್ನೊಸಿ...”

ಒಸಡಿನ ಮೇಲೆ ಜಾರಿ ಜಾರಿ, ಉಸಿರಿನ ಜೊತೆ ಮೆತ್ತಗೆ, ಎಲ್ಲಿ ಕಚ್ಚಿಬಿಡುತ್ತೇನೋ ಎನ್ನುವ ಭಯದಲ್ಲಿ ಬಂತು ಆ ಮಾತು. ಒಂದೇ ಟೇಕ್. ಇವರು ಯಾರೂ ಹೇಳದೆಯೇ ಅದನ್ನು ಪೆನ್ ಡ್ರೈವಿಗೂ ಹಾಕಿ, ಫೋನಿಗೂ ಹಾಕಿ, ತಮಗೇ ತಾವು ಮೇಲ್ ಕೂಡ ಮಾಡಿಕೊಂಡರು. ನಿರ್ದೇಶಕಿಗೆ ಏನೂ ಹೇಳದೆ ಕಳಿಸಿದೆ. ಅವರ ಫೋನು ಬಂದಾಗ ಮೊದಲು ಬರೀ ಮೂಗೆಳೆಯುವ ಸದ್ದು. ಆಮೇಲೆ, ಬೇರೆ ಯಾರೂ ಬೇಡ, ಇದೇ ಇರಲಿ, ಹಳೆಯ ಕಂತುಗಳಿಗೆ ಸಿಕ್ಕಿದ ದನಿಯೇ ಇರಲಿ, ಕೊನೆಯದಕ್ಕೆ ಇದು ಎಂದರು. ತಮಿಳಿನಲ್ಲಿ ದನಿ ಕೊಟ್ಟವರಿಗೆ ಇದನ್ನು ಕೇಳಿಸಿ ನಾಚಿಕೆ ಪಡಿಸುತ್ತೇನೆ ಎಂದು ನಕ್ಕರು.

ಗೆದ್ದೆವು! ನಾನು ಅತ್ತೆಯನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿದೆ. “ಬಿಡೇ, ಬೀಳ್ತೀನಿ” ಎಂದರು. ಆಮೇಲೆ ಕೂತು, ಡಿಸ್ಕಿನಿಂದ ಬಿಡಿಸಿಕೊಂಡ ಮೊದಲ ಕಂತನ್ನು ಹಾಕು ಎಂದರು. ಹಾಕಿದೆ. ಹಲ್ಲಿದ್ದ ಮೊಸಳೆಜ್ಜಿ ಅಬ್ಬರಿಸಿದಳು. ಈಗ ಹೇಳಿದ್ದು ಹಾಕು ಎಂದರು. ಅದನ್ನೂ ಹಾಕಿದೆ. ಎರಡನ್ನೂ ಇನ್ನೊಮ್ಮೆ ಕೇಳಿದರು. ಮುಖದಲ್ಲಿ ಸಂತೋಷ ಕಾಣಲಿಲ್ಲ.

“ಮೊದಲ್ನೇದ್ರಾಗೆ ಇರೋಳು ಮೊಸಳೆ ಆಗಕ್ಕೆ ಹೊಂಟವ್ಳೆ ಕಣವ್ವಾ. ಇದ್ರಾಗೆ ಇರೋಳೇ ಮೊಸಳೆ. ಅವನ್ನೆಲ್ಲ ಬಿಸಾಕು. ಪೂರ್ತಿ ಇನ್ನೊಂದ್ ಕಿತ ಮಾಡಾನ.”

“ಏನಂದ್ರಿ? ಬಿಸಾಕೋದಾ? ವಾರಂಟಿ ಹರಿದು, ಅನ್ನ ನೀರು ಬಿಟ್ಟು, ಬಡ್ಕೊಂಡು ಉಳಿಸಿದೀನಿ ಅವನ್ನ! ನಿಮಗೋಸ್ಕರ!”

“ಉಳಿಸ್ಕಂಡಿದ್ಕೇ ಗೊತ್ತಾಗಿದ್ದು, ಚೆನ್ನಾಗಿಲ್ಲ ಅಂತ.”

“ಅತ್ತೆ, ಆ ಮೊಸಳೆ 'ನನ್ ಹಲ್ಲು ನೋಡ್ರೋ, ನನ್ ಹಲ್ಲು ನೋಡ್ರೋ' ಅಂತ ಮಾತಿಗೊಂದ್ಸಲ ಜಂಬ ಹೊಡೀತಾಳೆ! ಹಲ್ಲಿಲ್ಲದ ಬಾಯಲ್ಲಿ ಅದನ್ನ ಹೇಗೆ ಹೇಳ್ತೀರಿ?”

ಅತ್ತೆ ಹೆಡ್‌ಫೋನು ಮತ್ತೆ ತಲೆಗೇರಿಸಿಕೊಂಡು, ಸೌಟನ್ನು ನನ್ನ ಕೈಗೆ ಕೊಟ್ಟರು.

“ಇದ್ದಾಗ ಯಾರವ್ವಾ ಹಲ್ಲಿನ್ ಮಾತಾಡ್ತಾರೆ? ಹೋದ್ಮೇಲೇ ಅಲ್ವಾ ಆಡೋದು? ಸೋಮವಾರಕ್ಕೆ ಇನ್ನೂ ಟೈಮೈತೆ. ನೀನು ಹೋಗಿ ಒಲೆ ಆರ್ಸಿ ಬಾ, ಸಾರು ಉಕ್ತೈತೆ.”

ನಾನು ಬೈದುಕೊಳ್ಳುತ್ತಲೇ ಹೋಗಿ ಒಲೆ ಆರಿಸಿ ಬಂದೆ. ಕಣ್ಣೊರೆಸಿಕೊಂಡು, ಕೋಣೆಯ ಬಾಗಿಲು ಹಾಕಿ, ಮೊದಲ ಕಂತನ್ನು ಮೊದಲಿನಿಂದ ಹಚ್ಚಿದೆ.